ನಮ್ಮ ಮನೆಗೆ ಬಾಗಿಲು ಎಷ್ಟೆಂದು ಕೇಳಬೇಡಿ!

ಗುಟ್ಟು ಕಾಯುವುದರಲ್ಲಿ ನನ್ನನ್ನು ಮೀರಿಸುವವರು ಕೊಟ್ಟೂರಿನಲ್ಲಿ ಇನ್ನೂ ಹುಟ್ಟಿಲ್ಲ! ಇಪ್ಪತ್ತೆರಡು ವರ್ಷದಿಂದ ಬಸ್‌ಸ್ಟ್ಯಾಂಡ್ ಹತ್ತಿರ ಜೆರಾಕ್ಸ್ ಅಂಗಡಿ ನಡೆಸುತ್ತಿದ್ದೇನೆ. ಊರಿನ ಅರ್ಧ ಜನರ ಆಧಾರ್ ಕಾರ್ಡು, ಪಹಣಿ, ಜಾತಕ, ವಿಚ್ಛೇದನದ ಅರ್ಜಿ ಎಲ್ಲವೂ ನನ್ನ ಯಂತ್ರದ ಗಾಜಿನ ಮೇಲೆ ಬೋರಲು ಮಲಗಿ ಎದ್ದು ಹೋಗಿವೆ. ಒಂದಾದರೂ ನನ್ನ ಬಾಯಿಂದ ಹೊರಬಿದ್ದಿದೆಯೇ? (ಹೆಂಡತಿಗೆ ಹೇಳಿದ್ದು ಲೆಕ್ಕಕ್ಕಿಲ್ಲ.)

ಇಂಥ ನನಗೆ ಸ್ವಂತ ಮನೆಯನ್ನೇ ಮಾರುವ ಪ್ರಸಂಗ ಬಂತು. ನನ್ನ ಹೆಂಡತಿ ಭಾಗ್ಯ ಟೀಚರು. ಹಡಗಲಿಗೆ ವರ್ಗವಾಗಿ ಎರಡು ವರ್ಷ. ದಿನಾ ಬೆಳಿಗ್ಗೆ ಎರಡು ಬಸ್ಸು, ಸಂಜೆ ಎರಡು ಬಸ್ಸು. ನಿಂತು ನಿಂತು ಅವಳ ಮಂಡಿಗಳು ಮುಷ್ಕರ ಹೂಡಿದ್ದವು. ಹಡಗಲಿಯಲ್ಲಿ ಶಾಲೆಯ ಪಕ್ಕದಲ್ಲೇ ಒಂದು ಮನೆ ಸಿಕ್ಕಿತ್ತು. ಅದರ ಒಡತಿ ರಮಾ, "ಅಮಾಸಿ ತನಕ ಯಾರಿಗೂ ಕೊಡಂಗಿಲ್ಲ ಭಾಗ್ಯಕ್ಕ, ಆಮ್ಯಾಲೆ ನನ್ನ ಕೈಯಾಗಿಲ್ಲ" ಎಂದಿದ್ದಳು. ಅಮಾವಾಸ್ಯೆಗೆ ಹದಿನೆಂಟು ದಿನ. ಅಷ್ಟರೊಳಗೆ ಕೊಟ್ಟೂರಿನ ಮನೆ ಹೋಗಬೇಕು.

"ನಾಕು ಫೋಟೋ ತೆಗೆದು ಮೊಬೈಲಿನಾಗ ಹಾಕ್ರಿ, ಅಷ್ಟ ಸಾಕು" ಎಂದಳು ಭಾಗ್ಯ.

ಅಷ್ಟೇ ಸಾಕೇ? ಅದೇ ಬೆಳಿಗ್ಗೆ ನಾನು ಒಂದು ವಿಡಿಯೋ ನೋಡಿದ್ದೆ. ಮನೆ ಕೊಳ್ಳುವವರ ವೇಷದಲ್ಲಿ ಕಳ್ಳರು ಬರುತ್ತಾರಂತೆ! ಬಾಗಿಲು, ಕಿಟಕಿ, ಬೀಗ, ತಿಜೋರಿ, ಮಲಗುವ ಕೋಣೆ ಯಾವುದನ್ನೂ ಅಪರಿಚಿತರಿಗೆ ತಿಳಿಸಬಾರದಂತೆ! ನಾನು ಅಲ್ಲೇ ಪ್ರತಿಜ್ಞೆ ಮಾಡಿದೆ: ಮನೆ ಮಾರುತ್ತೇನೆ, ಆದರೆ ಮನೆಯ ಬಗ್ಗೆ ಒಂದಕ್ಷರ ಬಿಡುವುದಿಲ್ಲ!

"ಕದಿಯಾಕ ನಮ್ಮನ್ಯಾಗ ಏನೈತ್ರಿ? ನಿಮ್ಮ ಮದಿವಿ ಸೂಟು ಬಿಟ್ರ" ಎಂದಳು.

"ಅದನ್ನೂ ಜೋರಾಗಿ ಹೇಳಬ್ಯಾಡ!" ಎಂದೆ.

ಕಿಟಕಿಗಳಿಗೆ ಬೆಡ್‌ಶೀಟು ಕಟ್ಟಿದೆ. ಬಾಗಿಲುಗಳ ಮೇಲೆ ಕಂಬಳಿ ಇಳಿಬಿಟ್ಟೆ. ಬೀರುವಿಗೆ ಸೀರೆ ಉಡಿಸಿದೆ. ಫೋಟೋ ತೆಗೆದು ಹಾಕಿ, ಕೆಳಗೆ ಬರೆದೆ: "ಕೊಟ್ಟೂರಿನ ಆಸುಪಾಸು ಒಂದು ಮನೆ ಮಾರಾಟಕ್ಕಿದೆ. ಕೆಲವು ಕೋಣೆ. ಸಾಕಷ್ಟು ಗಾಳಿ (ಎಲ್ಲಿಂದ ಎಂದು ಕೇಳಬಾರದು)."

ಹತ್ತೇ ನಿಮಿಷಕ್ಕೆ ಕೂಡ್ಲಿಗಿಯಿಂದ ಫೋನು.

"ನಿಮ್ಮ ಶಾಮಿಯಾನ ಎಷ್ಟು ಮಂದಿಗೆ ಆಗ್ತೈತ್ರಿ? ನಮ್ಮ ತಂಗಿ ಮದಿವಿ ಐತಿ."

ಸಂಜೆಯೊಳಗೆ ಆರು ಮದುವೆಗೆ ಶಾಮಿಯಾನ ಕೇಳಿದರು. ಮನೆ ಕೇಳಿದವರು ಒಬ್ಬರೇ: ಹಂಪಸಾಗರದ ಬೀಜದ ವ್ಯಾಪಾರಿ ಹಾಲೇಶಪ್ಪ. ವಿಳಾಸ ಕೊಡುವಷ್ಟು ದಡ್ಡನೇ ನಾನು? "ಮೊದಲು ಮಂಜಣ್ಣನ ಮಿರ್ಚಿ ಅಂಗಡಿಗೆ ಬರ್ರಿ, ಮಾತಾಡೋಣ" ಎಂದೆ.

ಮರುದಿನ ಹಾಲೇಶಪ್ಪ ಒಬ್ಬರೇ ಬರಲಿಲ್ಲ. ಜೊತೆಗೆ ಕಿವಿಯ ಮೇಲೆ ಪೆನ್ಸಿಲ್ ಸಿಕ್ಕಿಸಿಕೊಂಡ, ಕೈಯಲ್ಲಿ ಅಳತೆ ಟೇಪು ಹಿಡಿದ ಹಿರಿಯರೊಬ್ಬರು. "ಇವರು ಉಜ್ಜಿನಪ್ಪ, ಮನಿ ಅಳತಿ ಲೆಕ್ಕ ಹಾಕಿ ಆಯ ನೋಡವ್ರು. ಇವರು ಹೂಂ ಅನ್ನದ ನಮ್ಮನ್ಯಾಗ ದನದ ಕೊಟ್ಟಿಗಿನೂ ಕಟ್ಟಂಗಿಲ್ಲ" ಎಂದರು ಹಾಲೇಶಪ್ಪ.

ಮಿರ್ಚಿ, ಮಂಡಕ್ಕಿ ಬಂದವು. ಉಜ್ಜಿನಪ್ಪ ಕಾಗದ ಬಿಚ್ಚಿದರು.

"ತಲಬಾಗ್ಲು ಯಾವ ದಿಕ್ಕಿಗೈತ್ರಿ?"

ವಿಡಿಯೋದಲ್ಲಿದ್ದ ಮೊದಲ ಪ್ರಶ್ನೆ ಇದೇ! ನಮ್ಮ ಬಾಗಿಲು ಪೂರ್ವಕ್ಕಿದೆ. ಹೇಳುವೆನೇ?

"ದಕ್ಷಿಣಕ್ಕೆ!"

ಪೆನ್ಸಿಲ್ ಒಂದು ಕ್ಷಣ ನಿಂತಿತು. "ಒಟ್ಟು ಬಾಗ್ಲು ಎಷ್ಟು?"

ಎಂಟಿವೆ. "ಹದಿಮೂರು!"

"ತಿಜೋರಿ ಎಲ್ಲೈತಿ?"

ಸಿಕ್ಕಿಬಿದ್ದ ಕಳ್ಳ! ನಮ್ಮ ಮನೆಯಲ್ಲಿ ತಿಜೋರಿಯೇ ಇಲ್ಲ. ಆದರೆ ಇಲ್ಲವೆನ್ನುವುದೂ ಒಂದು ಮಾಹಿತಿಯಲ್ಲವೇ?

"ಬಚ್ಚಲದಾಗ."

"ತಿಜೋರಿ... ಬಚ್ಚಲದಾಗ?"

"ಹೌದ್ರಿ. ನಿಮಗೇನು ತ್ರಾಸು?"

ಉಜ್ಜಿನಪ್ಪ ನೀರು ಕುಡಿದರು. "ನೀವು ಗಂಡಹೆಂಡ್ತಿ ಮಲಗಾದು ಯಾವ ಮೂಲಿಯಾಗ?"

"ನಾವು ಮಲಗಂಗಿಲ್ಲ."

"ಯಾವಾಗ್ಲೂ?"

"ಯಾವಾಗ್ಲೂ! ಸರದಿ ಮ್ಯಾಲೆ ಎಚ್ಚರ ಇರ್ತೀವಿ."

"ದೇವರ ಮನಿ?"

ಅಲ್ಲಿ ಬೆಳ್ಳಿ ದೀಪವಿದೆ. "ಇಲ್ಲವೇ ಇಲ್ಲ!"

ಬಾಣಲೆಯ ಮುಂದಿದ್ದ ಮಂಜಣ್ಣನ ಕೈ ಅಲ್ಲೇ ನಿಂತಿತು. ಒಂದು ಸುತ್ತು ಮಿರ್ಚಿ ಕರಕಲಾಯಿತು. ಅಂಗಡಿ ತುಂಬಾ ಕಿವಿಗಳು. ಕೊನೆಗೆ ಮನೆಯ ಉದ್ದ ಅಗಲ ಕೇಳಿದರು. ಅದನ್ನೂ ಸುಳ್ಳೇ ಹೇಳಿದೆ. ಉಜ್ಜಿನಪ್ಪ ಗುಣಿಸಿದರು, ಭಾಗಿಸಿದರು, ಕಾಗದವನ್ನು ಮಡಿಸಿ ದೂರ ಸರಿಸಿದರು.

"ಕಾಕಾಯ. ಕಾಗಿ ಲೆಕ್ಕದ ಮನಿ. ಈ ಮನ್ಯಾಗ ಯಜಮಾನ ಬದುಕಿರಾದಿಲ್ಲ."

"ನಾನು ಬದುಕೀನಲ್ರಿ!"

ಉಜ್ಜಿನಪ್ಪ ಕರುಣೆಯಿಂದ ನೋಡಿದರು. "ನಿಮಗ ಹಂಗ ಅನಸ್ತಿರ್ತೈತಿ."

ಹಾಲೇಶಪ್ಪ ಅರ್ಧ ತಿಂದ ಮಿರ್ಚಿಯನ್ನು ತಟ್ಟೆಯಲ್ಲೇ ಬಿಟ್ಟು ಎದ್ದರು. ನಮ್ಮ ಕಡೆ ಮನುಷ್ಯ ಅರ್ಧ ಮಿರ್ಚಿ ಬಿಟ್ಟು ಏಳುವುದು ಪ್ರಾಣಕ್ಕೆ ಬಂದಾಗ ಮಾತ್ರ! ನಾನು ಮೀಸೆ ತಿರುವಿದೆ. ಕಳ್ಳರ ತಂಡವನ್ನು ಒಂದೂ ಪೆಟ್ಟಿಲ್ಲದೆ ಓಡಿಸಿದ್ದೆ!

ಸಂಜೆ ಭಾಗ್ಯ ಬಂದಳು. ಚಪ್ಪಲಿ ಬಿಡಲಿಲ್ಲ.

"ಏನ್ರಿ, ಬಸ್ಸಿನಾಗ ಎರಡು ವರ್ಷಕ್ಕ ಇವತ್ತು ಮೊದಲ್ನೇ ಸಲ ಒಬ್ರು ಎದ್ದು ಸೀಟು ಕೊಟ್ರು. 'ಕುಂದ್ರವ್ವ ಪಾಪ, ನಿದ್ದಿ ಇಲ್ಲ, ದೇವರಿಲ್ಲ, ಗಂಡ ನೋಡಿದ್ರ ಹಂಗ' ಅಂದ್ರು. ಏನ್ ಮಾಡೀರಿ?"

ಹೇಳಿದೆ. ಹೆಮ್ಮೆಯಿಂದಲೇ ಶುರು ಮಾಡಿದೆ. ಬಚ್ಚಲಿಗೆ ಬರುವಷ್ಟರಲ್ಲಿ ದನಿ ಸಣ್ಣದಾಯಿತು.

ಮರುದಿನದಿಂದ ಮನೆ ಕೇಳುವವರ ಫೋನು ಪೂರ್ತಿ ನಿಂತಿತು. ಬದಲಿಗೆ ನಮ್ಮ ಬಚ್ಚಲಿಗೆ ಭಾರಿ ಗಿರಾಕಿ! ಪಕ್ಕದ ಮನೆಯ ಗಾದೆಮ್ಮಜ್ಜಿ ಕೊಡ ಹಿಡಿದು ಬಂದಳು: "ಒಂದ್ ಕೊಡ ಬಿಸಿನೀರು ಕೊಡವ್ವ." ಮನೆಯಲ್ಲಿ ಅವಳಿಗೆ ಗೀಸರ್ ಇದೆ! ನಾನು ಮೈಗೆ ಸೋಪು ಹಚ್ಚಿಕೊಂಡು ನಿಂತಿದ್ದಾಗ ಮೇಲಿನ ಗವಾಕ್ಷಿಯಲ್ಲಿ ಒಂದು ತಲೆ ಕಾಣಿಸಿತು.

"ತಿಜೋರಿ ಎಲ್ಲೈತ್ರಿ ಗಂಗಾಧರಣ್ಣ?"

"ಇಲ್ಲೋ ಮಾರಾಯ!"

"ಇಲ್ಲ ಅಂತಾನ ಅಂದ್ರ ಐತಿ ಬಿಡು" ಎಂದು ತಲೆ ಕೆಳಗಿನವರಿಗೆ ವರದಿ ಕೊಟ್ಟಿತು. ಎರಡು ವಾರ ನಾನು ಲುಂಗಿ ಉಟ್ಟುಕೊಂಡೇ ಸ್ನಾನ ಮಾಡಿದೆ.

ಅಮಾವಾಸ್ಯೆಗೆ ಮೂರು ದಿನ ಉಳಿಯಿತು. ಭಾಗ್ಯ ಬೈಯುವುದನ್ನೂ ನಿಲ್ಲಿಸಿದ್ದಳು. ಪಡಸಾಲೆಯಲ್ಲಿ ಕಾಲು ಚಾಚಿ ಕುಳಿತು ಮಂಡಿಗೆ ಎಣ್ಣೆ ತಿಕ್ಕುತ್ತಿದ್ದಳು. ಆ ಮೌನ ನನಗೆ ಯಾವ ಕಳ್ಳನಿಗಿಂತಲೂ ಭಯಂಕರವಾಗಿತ್ತು. ಕೊನೆಗೆ ಅವಳೇ ಹಾಲೇಶಪ್ಪನವರಿಗೆ ಫೋನು ಮಾಡಿದಳು.

"ಅಣ್ಣಾರ, ನಾನು ಕೊಟ್ಟೂರಿನ ಗಂಗಾಧರಪ್ಪನ ಹೆಂಡ್ತಿ."

"ಅಯ್ಯೋ ತಂಗಿ! ಇನ್ನೂ ಆ ಮನ್ಯಾಗ ಅದೀಯೇನವ್ವ?"

"ಅವರು ಹೇಳಿದ್ದು ಅಷ್ಟೂ ಸುಳ್ಳು ರಿ. ಒಂದ್ಸಲ ಬಂದು ಕಣ್ಣಿಲೆ ನೋಡ್ರಿ. ನಾನು ಎಲ್ಲಾ ತಗದು ತೋರಿಸ್ತೀನಿ."

ಬಂದರು. ನನಗೆ ಪಡಸಾಲೆಯ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಬಾಯಿ ಮುಚ್ಚಿಕೊಂಡು ಕೂರುವ ಶಿಕ್ಷೆಯಾಗಿತ್ತು. ನನ್ನ ಕಣ್ಣೆದುರೇ ಭಾಗ್ಯ ಕೋಟೆಯನ್ನು ಶತ್ರುವಿಗೆ ಒಪ್ಪಿಸಿದಳು! ಎಂಟೂ ಬಾಗಿಲು ತೆರೆದಳು. ಚಿಲಕ ಸಡಿಲವಾದ ಕಿಟಕಿ ತೋರಿಸಿದಳು. ಬೀರು ತೆರೆದಳು; ಅದರೊಳಗೆ ನನ್ನ ಮದುವೆಯ ಸೂಟನ್ನು ನೋಡಿ ಹಾಲೇಶಪ್ಪ ಕೆಮ್ಮಿದರು. ಉಜ್ಜಿನಪ್ಪ ಪ್ರತಿ ಗೋಡೆಗೂ ಟೇಪು ಹಿಡಿದರು. ನನ್ನ ಬಾಯಲ್ಲಿ ಮಾತು ಮೂರು ಸಲ ಬಂತು. ಭಾಗ್ಯ ಮೂರು ಸಲವೂ ತಿರುಗಿ ನೋಡಿದಳು. ಮೂರು ಸಲವೂ ನುಂಗಿದೆ.

"ತಲಬಾಗ್ಲು ಪೂರ್ವಕ್ಕ. ಅಡಗಿ ಮನಿ ಆಗ್ನೇಯ. ದೇವರ ಮನಿ ಈಶಾನ್ಯ. ಆಯ ಧ್ವಜಾಯ, ಎಲ್ಲಾದಕ್ಕೂ ಮೇಲು!" ಉಜ್ಜಿನಪ್ಪನವರ ಮುಖ ಅರಳಿತು. "ಇಂಥಾ ಮನಿ ಹರಪನಹಳ್ಳಿ ತನಕ ಹುಡುಕಿದ್ರೂ ಸಿಗಂಗಿಲ್ಲ, ಹಾಲೇಶಪ್ಪ. ತಗಳ್ರಿ."

ಭಾಗ್ಯ ಕಣ್ಣೊರೆಸಿಕೊಂಡಳು. ಅಷ್ಟರಲ್ಲಿ ಟೇಪು ಸುತ್ತುತ್ತಿದ್ದ ಉಜ್ಜಿನಪ್ಪ ಥಟ್ಟನೆ ನಿಂತರು.

"ಆದ್ರ ಒಂದು ದೋಷ ಐತಿ."

"ಎಲ್ಲೈತ್ರಿ ಅಜ್ಜಾರ?" ಭಾಗ್ಯ ಗೋಡೆಗಳ ಕಡೆ ತಿರುಗಿದಳು. "ಒಡದು ಕಟ್ಟಿಸಬೇಕೇನ್ರಿ?"

"ಗ್ವಾಡಿಯಾಗಿಲ್ಲವ್ವ. ಪಡಸಾಲಿ ನೈರುತ್ಯ ಮೂಲಿಯಾಗ, ಕುರ್ಚಿ ಮ್ಯಾಲೆ ಕುಂತೈತಿ. ಹಡಗಲಿಗೆ ಹೋಗುವಾಗ ಮರೀದ ಒಯ್ದುಬಿಡ್ರಿ, ಮನಿ ಶುದ್ಧ ಆಗ್ತೈತಿ."

ಭಾಗ್ಯ ನನ್ನನ್ನು ಮೇಲಿಂದ ಕೆಳಗೆ ನೋಡಿ, ಹಾಲೇಶಪ್ಪನವರ ಕಡೆ ತಿರುಗಿದಳು.

"ಅಣ್ಣಾರ, ನಿಮಗೇನೂ ಅಡ್ಡಿ ಇಲ್ಲಂದ್ರ ಕುರ್ಚಿ ಸಮೇತ ಇಲ್ಲೇ ಬಿಟ್ಟು ಹೋಗ್ತೀನ್ರಿ."

ಹಾಲೇಶಪ್ಪ ಗಾಬರಿಯಿಂದ ಎದ್ದುನಿಂತು ಎರಡೂ ಕೈ ಮುಗಿದರು.

"ಬ್ಯಾಡ ತಂಗಿ! ಕುರ್ಚಿ ಬೇಕಾದ್ರ ಬಿಟ್ಟು ಹೋಗು."