ಷಡ್ಡಕನ ಸಪಾಟು ಊರು, ನಮ್ಮ ನೂರಾ ಹನ್ನೆರಡು ಮೆಟ್ಟಿಲು

ಹೊಟ್ಟೆಕಿಚ್ಚಿಗೆ ವೀಸಾ ಬೇಕಾಗಿಲ್ಲ ನೋಡ್ರಿ. ನಾ ಗದಗ ಬಿಟ್ಟು ವೆಲ್ಲಿಂಗ್ಟನ್ನಿಗೆ ಬಂದಾಗ ನನ್ನ ಜೊತಿಗೇ ಬಂತು, ಇಲ್ಲೇ ಪರ್ಮನೆಂಟ್ ಆತು. ವಾರಕ್ಕೊಂದು ಪ್ರಸಂಗ ಆಗೇ ಆಗತೈತಿ. ಎಲ್ಲಾದಕ್ಕೂ ಕಾರಣ ಒಬ್ಬನೇ: ಕ್ಯಾನ್‌ಬೆರಾದಾಗಿರೋ ನನ್ನ ಷಡ್ಡಕ, ಅಂದ್ರ ನನ್ನ ಹೆಂಡತಿ ಅಕ್ಕನ ಗಂಡ.

೧. ಛತ್ತಿನ ಮ್ಯಾಲಿನ ಹುಲ್ಲು

ಅವನ ಊರು ನಕ್ಷೆ ಹಾಕಿ ಕಟ್ಟಿದ್ದು. ಸಿಡ್ನಿ ತಾನ ರಾಜಧಾನಿ ಆಗಬೇಕಂತು, ಮೆಲ್ಬರ್ನ್ ತಾನ ಅಂತು. ಇಬ್ಬರ ಜಗಳದಾಗ ನಡುವಿನ ಬಯಲಾಗ ಮೂರನೇ ಊರು ಹುಟ್ಟಿತು. ಇದನ್ನ ಷಡ್ಡಕ ಪ್ರತಿ ರವಿವಾರ ವಿಡಿಯೋ ಕಾಲ್‌ನಾಗ ತಾನೇ ಮೇಸ್ತ್ರಿ ಇದ್ದಂಗ ಹೇಳ್ತಾನ.

"ನಮ್ಮ ಕೆರಿ ಸುದ್ದಾ ಮನುಷ್ಯಾರು ಮಾಡಿದ್ದಪಾ. ಪಾರ್ಲಿಮೆಂಟಿನ ಛತ್ತಿನ ಮ್ಯಾಲೆ ಹುಲ್ಲು ಬೆಳಸ್ಯಾರ. ನಿಮ್ಮ ಪಾರ್ಲಿಮೆಂಟ್ ಹೆಂಗೈತಿ?"

"ಜೇನುಗೂಡಿನಂಗ ಐತಿ."

"ಕಡೀತಾವೇನು?"

ಅವನ ಹಿಂದ ನಮ್ಮಿಬ್ಬರ ಅತ್ತಿ ನಕ್ಕಿದ್ದು ಕೇಳಿಸ್ತು. ನನಗ ಊಟ ಸೇರಲಿಲ್ಲ. ಅತ್ತಿ ಗದಗಿನಿಂದ ಬಂದು ಎರಡು ತಿಂಗಳಿಂದ ಅವನ ಮನ್ಯಾಗೇ ಇದ್ರು. ಇನ್ನ ರಂಜಾನ್ ಕಡೀ ಹದಿನೈದು ದಿನ ಅಷ್ಟೇ ನಮ್ಮ ಮನ್ಯಾಗ, ಹಬ್ಬಕ್ಕ ಮತ್ತ ಕ್ಯಾನ್‌ಬೆರಾ! ಟಿಕೆಟ್ ಅವನೇ ತಗಸಿದ್ದ. ನನ್ನ ಹೆಂಡತಿ ಮದುವ್ಯಾದಾಗಿಂದ ಒಂದು ಈದ್ ಸುದ್ದಾ ತನ್ನ ಅಮ್ಮಿ ಜೊತಿ ಮಾಡಿಲ್ಲ.

"ಈ ಸಲ ಹಬ್ಬಕ್ಕ ಅಮ್ಮಿ ಮಾಡಿದ ಹಾಲು-ಶಾವಿಗಿ ಸುರಕುಂಬಾ ತಿನ್ನಬೇಕ್ರಿ. ಏನರ ಮಾಡ್ರಿ" ಅಂತ ಕಣ್ಣೀರು ತಗದ್ಲು.

ಏನು ಮಾಡಲಿ? ಛತ್ತಿನ ಮ್ಯಾಲೆ ಹುಲ್ಲು ಬೆಳಸ್ಲ್ಯಾ?

೨. ನಕ್ಷೆ ನಮ್ಮದೂ ಐತಿ

ನಾ ಪ್ರವಾಸಿಗರ ವ್ಯಾನ್ ಓಡಸಾಂವ. ಮರುದಿನ ಅದೇ ಉರಿಯಾಗ ಮೈಕ್ ಹಿಡಕೊಂಡು, "ನಮ್ಮ ರಾಜಧಾನಿನೂ ನಕ್ಷೆ ಹಾಕೇ ಶುರು ಮಾಡಿದ್ದು!" ಅಂತ ಒದರಿದೆ.

ಸುಳ್ಳಲ್ಲ. ಲಂಡನ್‌ನಾಗ ಕೂತು ನೆಲ ನೋಡದೇ ಚೌಕ ಚೌಕ ಬೀದಿ ಬರದ್ರು. ಮೊದಲು ನೆಲೆ ನಿಂತಿದ್ದ ನದಿ ದಂಡ್ಯಾಗ ನೀರು ನುಗ್ಗಿತು. ಜನ ಗಂಟುಮೂಟಿ ಹೊತ್ಕೊಂಡು ಈ ಗುಡ್ಡಗಳ ಬುಡಕ್ಕ ಬಂದ್ರು. ರಾಜಧಾನಿ ಪಟ್ಟ ಆಮ್ಯಾಲೆ ಆಕ್ಲೆಂಡಿನಿಂದ ಬಂತು.

ಹಿಂದಿನ ಸೀಟಿನ ಮುದುಕ ಕೇಳಿದ, "ಹಂಗಾದ್ರ ಆ ನಕ್ಷ್ಯಾಗ ಗುಡ್ಡ ಎಲ್ಲಿದ್ದವು?"

"ನಕ್ಷ್ಯಾಗ ಇರಲಿಲ್ಲ, ನಮ್ಮ ಮೊಣಕಾಲಾಗ ಅದಾವು. ನಿಮ್ಮದು ಯಾವೂರು?"

"ಕ್ಯಾನ್‌ಬೆರಾ" ಅಂದ.

೩. ಮನಿಯೋ ದರ್ಗಾನೋ?

ಅತ್ತಿ ಬಂದ್ರು. ವಿಮಾನ ನಿಲ್ದಾಣದ ಬಾಗಲಾಗೇ ಗಾಳಿ ಅವರ ತಲಿ ಮ್ಯಾಲಿನ ಶಾಲು ಹಾರಿಸ್ಕೊಂಡು ಹೋತು. ಕಾರು ಕೆಳಗ ರಸ್ತ್ಯಾಗ ನಿಲ್ಲಿಸಿ, ಗುಡ್ಡದ ಮ್ಯಾಲೆ ಕಾಣೋ ಮನಿ ತೋರಿಸಿದೆ. ನೂರಾ ಹನ್ನೆರಡು ಮೆಟ್ಟಿಲು.

ಅತ್ತಿ ಕತ್ತೆತ್ತಿ ನೋಡಿದ್ರು. "ಅಳ್ಯಾರ, ಇದು ಮನಿಯೋ ದರ್ಗಾನೋ? ಹತ್ತಿ ಮುಟ್ಟಿದ್ರ ಸಕ್ಕರಿ ಹಂಚತೇನಿ!"

ನಲವತ್ತನೇ ಮೆಟ್ಟಿಲಿಗೆ ಕೂತೇ ಬಿಟ್ರು. ಅಲ್ಲೇ ಈ ದೇಶದಾಕೇ ಒಬ್ಬಾಕಿ ಆಂಟಿ ಮನಿ. ವಯಸ್ಸಾದಾಕಿ, ಒಬ್ಬಾಕೇ ಇರತಾಳ. ಓಡಿ ಬಂದು ಕುರ್ಚಿ ಹಾಕಿದ್ಲು. ಸಂಜಿಗೆ ರೋಜಾ ಬಿಡೋ ಹೊತ್ತಿಗೆ ಒಂದು ತಾಟು ಸ್ಕೋನ್ ಅನ್ನೋ ಬನ್ನು ಕೊಟ್ಟು ಕಳಿಸಿದ್ಲು.

ನನ್ನ ನಸೀಬ ತಿರುಗಿದ್ದು ಆ ತಾಟಿನಿಂದ.

೪. ತಾಟು

"ಮಂದಿ ತಾಟು ಖಾಲಿ ಕೊಡಬಾರದು" ಅಂತ ಅತ್ತಿ ಮರುದಿನ ಮಿರ್ಚಿ ಭಜಿ ತುಂಬಿ ಕಳಿಸಿದ್ರು. ಆಂಟಿ ಕಣ್ಣಾಗ ನೀರು ಹಾಕ್ಕೋತ ಎಲ್ಲಾ ತಿಂದ್ಲು, ಆಪಲ್ ಕೇಕ್ ತುಂಬಿ ತಿರುಗಿ ಕೊಟ್ಲು. ಅತ್ತಿ ಅದಕ್ಕ ಸಮೋಸಾ. ಆಕಿ ಅದಕ್ಕ ಬಿಸ್ಕೀಟು. ಅತ್ತಿಗೆ ಇಂಗ್ಲಿಷ್ ಬರೂದಿಲ್ಲ, ಆಕಿಗೆ ಕನ್ನಡ ಬರೂದಿಲ್ಲ. ಆದ್ರೂ ಮಾತು ಮುಗೀವಲ್ದು. ವಾರದಾಗ ಅತ್ತಿ, "ಉಪವಾಸದಾಗ ಮ್ಯಾಲೆ ಹತ್ತಾಕ ಆಗೂದಿಲ್ಲ" ಅಂತ ಹಾಸಿಗಿ ಸುದ್ದಾ ನಲವತ್ತನೇ ಮೆಟ್ಟಿಲಿಗೆ, ಆಂಟಿ ಮನಿಗೇ ಇಳಿಸಿದ್ರು.

ಕ್ಯಾನ್‌ಬೆರಾಕ್ಕ ಹೋಗೋ ದಿವಸ ಬಂತು. ಹೆಂಡತಿ ಅಳಕೋತ ಬ್ಯಾಗ್ ಹಿಡಕೊಂಡು ಇಳಿದ್ಲು. ಅತ್ತಿ ಎದ್ದೇ ಬರಲಿಲ್ಲ.

"ಆಕಿ ತಾಟು ನನ್ನ ಕಡೆ ಐತಿ. ತುಂಬಿ ಕೊಡದ ಹೆಂಗ ಹೋಗ್ಲಿ? ಹಬ್ಬದ ಸುರಕುಂಬಾ ಹಾಕೇ ಕೊಡತೇನಿ."

"ಅಲ್ಲೂ ನೆರೆಹೊರೆ ಇದ್ದಾರಲ್ರಿ?" ಅಂದೆ, ಬಾಯಿ ತಡೀಲಾರದ.

"ಅದಾರ. ಬೀದಿ ಎಷ್ಟು ಅಗಲ ಅಂದ್ರ, ಎದುರು ಮನಿ ಮುಟ್ಟೋದ್ರಾಗ ಭಜಿ ಆರತಾವು" ಅಂದ್ರು.

ಟಿಕೆಟ್ ರದ್ದಾತು. ಈದ್ ನಮಾಜ್ ಮುಗಿಸಿ ಬಂದು ಎಲ್ಲಾರೂ ಆಂಟಿ ಮನಿ ಮುಂದ ಮೆಟ್ಟಿಲ ಮ್ಯಾಲೆ ಕೂತ್ವಿ. ಹೆಂಡತಿ ಬಟ್ಟಲಕ್ಕ ಅಮ್ಮಿ ಸುರಕುಂಬಾ ಸುರುವಿದ್ರು. ಆಕಿ ನಗಕೋತ ಅತ್ಲು, ಅಳಕೋತ ತಿಂದ್ಲು. ಆಂಟಿ ಬಟ್ಟಲಕ್ಕ ಗೋಡಂಬಿ ಆರಿಸಿ ಆರಿಸಿ ಹಾಕಿದ್ರು. ನನ್ನ ಪಾಳಿ ಬಂದಾಗ ಬರೇ ಶಾವಿಗಿ. ಈಗ ಆಂಟಿ ಮ್ಯಾಲೂ ಹೊಟ್ಟಿ ಉರೀತು.

ಅಷ್ಟರಾಗ ಷಡ್ಡಕನ ಫೋನ್.

"ಏನಪಾ, ಅಮ್ಮಿ ಹಬ್ಬ ನಿಮ್ಮ ಮನ್ಯಾಗ ಮಾಡಿದ್ರಂತ?"

ದನಿ ಕೇಳಿದ ಕೂಡಲೇ ಉರಿ ಅಲ್ಲಿಗೂ ಮುಟ್ಟೇತಿ ಅಂತ ಗೊತ್ತಾತು. ಇನ್ನೂ ಎಪ್ಪತ್ತೆರಡು ಮೆಟ್ಟಿಲು ಮ್ಯಾಲೆ ನನ್ನ ಮನಿಗೆ ಕೀಲಿ ಹಾಕಿತ್ತು. "ಹೌದು, ನಮ್ಮ ಮನ್ಯಾಗೇ!" ಅಂದೆ.

"ಅಲ್ಲೋ, ಕೆರಿ ಐತಿ, ಹುಲ್ಲಿನ ಛತ್ತೈತಿ, ಎಲ್ಲಾ ತೋರಿಸೇನಿ. ನಿಮ್ಮೂರಾಗ ಅಂಥಾದ್ದೇನೈತಿ?"

"ಮೆಟ್ಟಿಲು."

ಷಡ್ಡಕ ಸಣ್ಣ ದನಿಯಾಗ ಕೇಳಿದ, "ಸಪಾಟು ಜಾಗಾದಾಗ ಒಂದು ನಲವತ್ತು ಕಟ್ಟಿಸಿದ್ರ ನಡೀತೈತೇನು?"