ದೂರು ವಿಭಾಗದಲ್ಲಿ ಏದುಸಿರು

ಜಿಂಕೆಯ ಅಂದಿನ ಫಜೀತಿಯೆಲ್ಲ ಶುರುವಾದದ್ದು ಮಗಳ ಒಂದು ನಗುವಿನಿಂದ.

ಬೆಳ್ಳಂಬೆಳಗ್ಗೆ ಶಾಲೆಯ ದಿನಗಳ ಗೆಳೆಯನೊಬ್ಬ ಬಸ್ಸಿಗೆ ಹೋಗುವ ದಾರಿಯಲ್ಲಿ ಮನೆಯ ಬಾಗಿಲು ತಟ್ಟಿ, "ಜಿಂಕೆ ಇದ್ದಾನಾ ಪುಟ್ಟೀ?" ಎಂದು ಕೇಳಿದ. ಅಂಥವರು ಇಲ್ಲಿ ಯಾರೂ ಇಲ್ಲ ಎಂದು ಮಗಳು ಹೇಳುವಷ್ಟರಲ್ಲಿ ಒಳಗಿನಿಂದ "ಬಂದೆ ಕಣೋ!" ಎಂಬ ಕೂಗು ಕೇಳಿಸಿತು. ಕೂಗಿನ ಹಿಂದೆ ಹೊಟ್ಟೆ ಬಂತು, ಹೊಟ್ಟೆಯ ಹಿಂದೆ ಅಪ್ಪ ಬಂದರು.

"ಜಿಂಕೆನಾ? ಅಪ್ಪನಾ?" ಎಂದವಳೇ ಹುಡುಗಿ ನಗಲು ಶುರುಮಾಡಿದಳು. ಬಿಕ್ಕಳಿಕೆ ಬರುವವರೆಗೂ ನಕ್ಕಳು. ಗೆಳೆಯ ಹೋದ ಮೇಲೆ ನೀರು ಕುಡಿದು ಮತ್ತೆ ನಕ್ಕಳು.

"ಹಾಗೆಲ್ಲಾ ನಗಬಾರದು" ಎಂದಳು ಹೆಂಡತಿ, ಮಗಳ ಜಡೆ ಹೆಣೆಯುತ್ತಾ. "ನಿಮ್ಮಪ್ಪ ಓಡೋದನ್ನ ನೋಡೋಕೆ ಅಂತಾನೇ ನಾವೆಲ್ಲಾ ಕಾಲೇಜಿನ ಮಹಡಿ ಮೇಲೆ ನಿಲ್ತಿದ್ವಿ. ಕಾಲು ನೆಲಕ್ಕೆ ತಾಗ್ತಿತ್ತೋ ಇಲ್ಲವೋ ಅನ್ನಿಸ್ತಿತ್ತು."

"ಈಗ?"

"ಈಗ ತಾಗತ್ತೆ" ಎಂದಳು ಹೆಂಡತಿ. ಅವಳ ತುಟಿಯ ತುದಿಯೂ ಅದುರುತ್ತಿತ್ತು.

ಇದು ಜಿಂಕೆಯ ಎದೆಗೆ ನಾಟಿತು. ತೂಕ ಇಳಿಸಲೇಬೇಕು, ಅದೂ ಇವತ್ತಿನಿಂದಲೇ ಎಂದು ನಿಶ್ಚಯಿಸಿದ. ಆದರೆ ಯಾವಾಗ? ಬೆಳಗ್ಗೆ ನಲ್ಲಿಯಲ್ಲಿ ನೀರು ಬರುವಾಗ ಹಿಡಿಯಬೇಕು, ಮಗಳನ್ನು ಶಾಲೆಗೆ ಬಿಡಬೇಕು, ಅಲ್ಲಿಂದ ಬಸ್ಸು. ಸಂಜೆ ಮತ್ತೆ ಬಸ್ಸು, ತರಕಾರಿ, ಮಗಳ ಗಣಿತ. ಗಣಿತ ಮುಗಿಯುವ ಹೊತ್ತಿಗೆ ಇಬ್ಬರೂ ಪುಸ್ತಕದ ಮೇಲೇ ತೂಕಡಿಸುತ್ತಿದ್ದರು. ದಿನವನ್ನು ಹೇಗೆ ಮಡಚಿ ಬಿಚ್ಚಿದರೂ ಎಲ್ಲೂ ಸಂದಿಯಿರಲಿಲ್ಲ. ಉಳಿದದ್ದು ಆಫೀಸು ಒಂದೇ.

ಜಿಂಕೆಯ ಆಫೀಸೆಂದರೆ ಟೆಲಿಫೋನ್ ಕಚೇರಿಯ ದೂರು ವಿಭಾಗ. ಫೋನೆಂಬುದು ಇನ್ನೂ ಕರ್ರಗೆ, ದಪ್ಪಗೆ, ಮನೆಯ ಹಿರಿಯರಂತೆ ನಡುಮನೆಯಲ್ಲಿ ಕುಳಿತಿರುತ್ತಿದ್ದ ಕಾಲ ಅದು. ಬೀದಿಗೊಂದು ಮನೆಯಲ್ಲಿ ಫೋನು. ಅದು ಟ್ರಿಣ್ ಎಂದರೆ ಅಕ್ಕಪಕ್ಕದವರೆಲ್ಲ ಕೈಯಲ್ಲಿದ್ದ ಕೆಲಸ ಬಿಟ್ಟು ಕಿವಿಗೊಡುತ್ತಿದ್ದರು. ಕೆಟ್ಟುಹೋದರೆ ಮನೆಯಲ್ಲಿ ಯಾರಿಗೋ ಜ್ವರ ಬಂದಷ್ಟೇ ಕಳವಳ. ಆಗ ಎಲ್ಲರೂ ಫೋನು ಮಾಡುತ್ತಿದ್ದುದು ಜಿಂಕೆಗೆ. "ಹಲೋ, ದೂರು ವಿಭಾಗ" ಎಂಬ ಅವನ ದನಿ ಊರಿಗೆಲ್ಲ ಪರಿಚಿತ. ಮುಖ ಯಾರಿಗೂ ಗೊತ್ತಿರಲಿಲ್ಲ. ಹಾಗಾಗಿ ಅವನು ಸಣ್ಣಗಿದ್ದಾನೆಂದೇ ಊರು ನಂಬಿತ್ತು.

ಹೆಡ್‌ಫೋನು ತಲೆಗೇರಿಸಿದ ಮೇಲೆ ಕೊಟ್ಟಿಗೆಯ ಹಸುವಿನಂತೆ ಅದರ ವಯರಿನಷ್ಟೇ ಸ್ವಾತಂತ್ರ್ಯ. ಆದರೆ ಜಿಂಕೆಯ ಸೀಟು ಮೂಲೆಯಲ್ಲಿತ್ತು, ಎದುರಿಗೆ ಎತ್ತರದ ಕಬ್ಬಿಣದ ಬೀರುವಿನ ಮರೆಯಿತ್ತು. ಕುರ್ಚಿಯನ್ನು ಹಿಂದಕ್ಕೆ ತಳ್ಳಿದರೆ ಬಸ್ಕಿ ಹೊಡೆಯಲು ಧಾರಾಳ ಜಾಗ. ಕಿವಿ ಕೆಲಸ ಮಾಡಲಿ, ಕಾಲು ವ್ಯಾಯಾಮ ಮಾಡಲಿ. ಈ ಉಪಾಯ ಇಷ್ಟು ವರ್ಷ ಯಾಕೆ ಹೊಳೆಯಲಿಲ್ಲ ಎಂದು ತನಗೆ ತಾನೇ ಶಹಭಾಸ್ ಹೇಳಿಕೊಂಡು ಜಿಂಕೆ ಮೇಜಿನ ಅಂಚು ಹಿಡಿದು ಕುಳಿತ, ಎದ್ದ. ಮೊಣಕಾಲುಗಳು ಹಳೆಯ ಬಾಗಿಲಿನಂತೆ ಕಿರ್ರೆಂದವು. ಆದರೂ ಮನಸ್ಸು ಹಗುರವಾಯಿತು. ಕಣ್ಣು ಮುಚ್ಚಿದರೆ ಶಾಲೆಯ ಮೈದಾನ, ಸುಣ್ಣದ ಗೆರೆ, ಕಿವಿಯ ಪಕ್ಕ ಸುಯ್ಯೆನ್ನುವ ಗಾಳಿ, ಬೇಲಿಯಾಚೆ ಟವೆಲು ಹಿಡಿದು ನಿಂತ ಅಮ್ಮ. "ಬಿದ್ದುಗಿದ್ದೀಯೋ, ನಿಧಾನ!" ಎಂದು ಓಟದ ಪಂದ್ಯದಲ್ಲೂ ಕೂಗುತ್ತಿದ್ದ ಅಮ್ಮ.

ಅಷ್ಟರಲ್ಲಿ ಫೋನು ಬಂತು.

"ಹಲೋ... ಹುಫ್... ದೂರು... ಹುಫ್... ವಿಭಾಗ."

"ಸಾರ್, ನಮ್ಮ ಅಂಗಡಿ ಫೋನಲ್ಲಿ ಡಯಲ್ ತಿರುಗ್ತಿಲ್ಲ ಅಂತ ಹೇಳೋಣ ಅಂತಿದ್ದೆ, ಪಕ್ಕದ ಅಂಗಡಿಯಿಂದ ಮಾಡ್ತಿದ್ದೀನಿ. ಆದರೆ ಇದರಲ್ಲೇನು ಸಾರ್, ಹಾವು ಬುಸುಗುಟ್ಟಿದ ಹಾಗೆ ಕೇಳ್ತಿದೆ?"

"ಹುಫ್... ನೋಡಿಸ್ತೀವಿ."

ಮುಂದಿನ ಕರೆಯವರು ಗುಟ್ಟಿನ ದನಿಯಲ್ಲಿ, "ಸ್ವಲ್ಪ ಮೆತ್ತಗೆ ಮಾತಾಡಿ. ನಮ್ಮತ್ತೆಗೆ ಉಬ್ಬಸ. ಎಲ್ಲೋ ನಿಂತು ಕದ್ದು ಕೇಳ್ತಿದ್ದಾರೆ ಅನ್ಸತ್ತೆ, ಉಸಿರು ಕೇಳಿಸ್ತಿದೆ" ಎಂದರು. ಆಮೇಲೆ ಸಂಗೀತದ ಟೀಚರಮ್ಮನ ಕರೆ ಬಂತು. ಆಕೆಯ ಫೋನು ಕೆಡುತ್ತಿದ್ದುದು ಅಪರೂಪ, ದೂರು ಮಾತ್ರ ದಿನವೂ. ಊರಿನ ತಂತಿಗಳೆಲ್ಲ ತಂಬೂರಿಯ ತಂತಿಗಳೆಂದೇ ಆಕೆಯ ಭಾವನೆ.

"ಏನಪ್ಪಾ ಇದು ಹೊಸ ಸದ್ದು? ತಾಳ ಸರಿಯಾಗಿದೆ, ಅದನ್ನ ಮೆಚ್ಚಬೇಕು. ಒಂದು ಉಸಿರು ಇಳಿಯತ್ತೆ, ಒಂದು ಏರತ್ತೆ. ಆದರೆ ಇಂಥ ಗಂಡಸು ಶ್ರುತಿ ಇಟ್ಕೊಂಡು ನಾನು ಶಿಷ್ಯರ ಹತ್ರ ಹೇಗೆ ಮಾತಾಡೋದು? ನಿಮ್ಮ ಮೇಡಂಗೆ ಹೇಳ್ತೀನಿ, ಇರು."

ಹೇಳಿಯೇಬಿಟ್ಟರು. ಅಂಗಡಿಯವನೂ ಹೇಳಿದ. ಅತ್ತೆಯ ಅಳಿಯ ಕೂಡ, ಅತ್ತೆ ಬೆಳಗಿನಿಂದ ತಂಗಿಯ ಮನೆಯಲ್ಲಿದ್ದಾರೆಂದು ಗೊತ್ತಾದ ಮೇಲೆ, ಹೇಳಿದ.

ಮೇಡಂ ದೂರು ವಿಭಾಗದ ಮೇಲ್ವಿಚಾರಕಿ. ಗಾಜಿನ ಬಾಗಿಲಿಗೆ ಪರದೆ ಎಳೆದ ಕೋಣೆಯಲ್ಲಿ ಅವರ ಸ್ಥಾನ. ಯಾವ ಲೈನಿಗೆ ಬೇಕಾದರೂ ಸೇರಿಕೊಂಡು ಕೇಳಬಹುದಾದ, ಮಾತಾಡಬಹುದಾದ ಹೆಡ್‌ಫೋನು ಅವರದು. ಅವರು ಹೊರಬಂದರೆ ಟೈಪ್‌ರೈಟರುಗಳು ತಾವಾಗಿಯೇ ಬಡಿದುಕೊಳ್ಳುತ್ತಿದ್ದವು ಎಂದು ಜನ ಹೇಳುತ್ತಿದ್ದರು. ಅಂದು ಯಾಕೋ ಅವರ ಮುಖ ಬಿಳಿಚಿಕೊಂಡಿತ್ತು.

"ಲೈನಲ್ಲಿ ಏನೋ ಏದುಸಿರಿನ ಸದ್ದಂತೆ. ಎಲ್ಲೋ ಕೇಬಲ್ ಒಳಗೆ ಗಾಳಿ ಹೊಕ್ಕಿರಬೇಕು. ಏಣಿಯಣ್ಣನ್ನ ಕಳಿಸಿ, ಕಂಬ ಕಂಬ ಹತ್ತಿ ನೋಡ್ಲಿ. ಸಂಜೆಯೊಳಗೆ ಸಿಗದಿದ್ರೆ ಅವನಿಗೆ ನೋಟಿಸು ಕೊಡ್ಬೇಕಾಗತ್ತೆ, ಮೇಲಿನವರು ನನ್ನ ಕೇಳ್ತಾರೆ."

ಏಣಿಯಣ್ಣ ಅಲ್ಲಿನ ಲೈನ್‌ಮನ್. ನಿವೃತ್ತಿ ಹತ್ತಿರವಾಗಿತ್ತು. ಸೈಕಲ್ಲಿಗೆ ಏಣಿ ಕಟ್ಟಿಕೊಂಡು ಹೊರಡುವಾಗ ಜಿಂಕೆಯ ಕಿಟಕಿಯ ಬಳಿ ನಿಂತು, "ಬರ್ತೀನಿ ಸಾರ್. ಕಂಬ ಹತ್ತಬೇಡಿ ಅಂತ ಮನೇಲಿ ಬೈತಾಳೆ. ಸಿಕ್ಕಿಬಿಟ್ಟರೆ ಸಾಕಪ್ಪಾ" ಎಂದ. ಸದ್ದು ತನ್ನದೇ ಎಂದು ಹೇಳಲು ಜಿಂಕೆ ಬಾಯಿ ತೆರೆದ, ಮುಚ್ಚಿದ. ಏಣಿಯಣ್ಣ ಹೋದ.

ಗಾಬರಿಗೆ ಬೆವರು ಇನ್ನಷ್ಟು ಕಿತ್ತುಕೊಂಡು ಬಂತು. ಅದನ್ನು ಬೀರುವಿನಾಚೆಯ ಸೀಟಿನಿಂದ ಎದ್ದುಬಂದ ಸಹೋದ್ಯೋಗಿನಿ ನೋಡಿದಳು. ಅವಳನ್ನು ಆಫೀಸೆಲ್ಲ 'ರೇಡಿಯೊ' ಎನ್ನುತ್ತಿತ್ತು. ಬೆಳಗಿನಿಂದ ಸಂಜೆಯವರೆಗೂ ಅವಳ ಮಾತು ಮುಗಿಯುತ್ತಿರಲಿಲ್ಲ, ಸುದ್ದಿ ಎಲ್ಲ ಕೋಣೆಗೂ ತಲುಪುತ್ತಿತ್ತು.

"ಅಯ್ಯಯ್ಯೋ, ಏನ್ರೀ ಇದು, ಅಂಗಿಯೆಲ್ಲಾ ಒದ್ದೆ! ಎದೆನೋವಾ? ಎಡಗೈ ಜೋಮು ಹಿಡಿದಿದೆಯಾ?"

"ಏನಿಲ್ಲ, ಸೆಖೆ..."

"ನಮ್ಮ ಚಿಕ್ಕಪ್ಪನೂ ಸೆಖೆ ಅಂತಾನೇ ಹೇಳಿದ್ರು! ಸೆಖೆ ಅಂದವರು ಮತ್ತೆ ಮಾತಾಡಲಿಲ್ಲ!"

ಕ್ಷಣಮಾತ್ರದಲ್ಲಿ ಸುತ್ತ ಜನ ಸೇರಿದರು. ಒಬ್ಬರು ಫ್ಯಾನು ತಿರುಗಿಸಿದರು, ಒಬ್ಬರು ಕಾಲನ್ನು ಎತ್ತಿ ಇನ್ನೊಂದು ಕುರ್ಚಿಯ ಮೇಲಿಟ್ಟರು. ಮೈಯಲ್ಲಿ ಸಕ್ಕರೆ ಕಡಿಮೆಯಾಗಿರಬೇಕೆಂದು ಯಾರೋ ತೀರ್ಪು ಕೊಟ್ಟರು. ಬಿಸ್ಕತ್ತಿನ ಪೊಟ್ಟಣ ಬಂತು, ಬಾಳೆಹಣ್ಣು ಬಂತು, ಸಕ್ಕರೆ ಜಾಸ್ತಿ ಹಾಕಿದ ಚಹಾ ಬಂತು. ಬೇಡವೆಂದರೆ ರೇಡಿಯೊ ಕಣ್ಣಲ್ಲಿ ನೀರು ತಂದುಕೊಳ್ಳುತ್ತಿದ್ದಳು. ಮಧ್ಯಾಹ್ನದ ಹೊತ್ತಿಗೆ ಬೆಳಗ್ಗೆ ಹೊಡೆದ ಬಸ್ಕಿಗಳೆಲ್ಲ ಸೋತು ಶರಣಾಗುವಷ್ಟನ್ನು ಜಿಂಕೆ ಕಾಲು ಚಾಚಿಕೊಂಡು ತಿಂದಿದ್ದ.

ಬಸ್ಕಿಯಂತೂ ನಿಂತಿತು. ಇನ್ನು ದೂರೂ ನಿಲ್ಲುತ್ತದೆ, ಸಂಜೆಗೆ ಎಲ್ಲ ತಣ್ಣಗಾಗುತ್ತದೆ ಎಂದು ಅವನು ಸಮಾಧಾನ ತಂದುಕೊಂಡ.

ಊಟದ ಹೊತ್ತು ಮುಗಿದೊಡನೆ ಟೀಚರಮ್ಮನ ಕರೆ ಬಂತು.

"ಏನಪ್ಪಾ, ಇನ್ನೂ ರಿಪೇರಿ ಆಗಿಲ್ವಾ? ಈಗಲೂ ಕೇಳಿಸ್ತಿದೆ."

"ಸಾಧ್ಯವೇ ಇಲ್ಲ ಟೀಚರ್!" ಎಂದ ಜಿಂಕೆ. ಬಾಯಲ್ಲಿದ್ದ ಬಿಸ್ಕತ್ತು ಸಿಡಿಯಿತು.

"ನನ್ನ ಕಿವಿಗೇ ಸವಾಲಾ? ನೀನೇ ಕೇಳು."

ಜಿಂಕೆ ಉಸಿರು ಬಿಗಿಹಿಡಿದು ಕೇಳಿದ. ಹುಫ್... ಹುಫ್... ನಿಜ! ತಾನು ಉಸಿರೇ ಆಡುತ್ತಿಲ್ಲ, ಆದರೂ ಏದುಸಿರು! ಹಣೆಯ ಬೆವರು ತಣ್ಣಗಾಯಿತು. ಬೆಳಗಿನ ತನ್ನ ಉಸಿರೇ ತಂತಿಯಲ್ಲಿ ಸಿಕ್ಕಿಹಾಕಿಕೊಂಡು ಊರು ಸುತ್ತುತ್ತಿದೆಯೇ?

"ಆದರೆ ಶ್ರುತಿ ಬದಲಾಗಿದೆ ಕಣಪ್ಪಾ" ಎಂದರು ಟೀಚರಮ್ಮ. "ಈಗಿಂದು ಹೆಣ್ಣು ಶ್ರುತಿ."

ಅದರ ಬೆನ್ನಿಗೇ ಏಣಿಯಣ್ಣನ ಕರೆ. ಪರೀಕ್ಷೆಯ ಫೋನನ್ನು ತಂತಿಗೆ ಸಿಕ್ಕಿಸಿ ಕಂಬದ ಮೇಲಿಂದಲೇ ಮಾತಾಡುತ್ತಿದ್ದ. "ಸಾರ್, ಬಿಸಿಲಿಗೆ ಕಣ್ಣು ಕತ್ತಲೆ ಬರ್ತಿದೆ. ಸುತ್ತಲೂ ಎಲ್ಲಾ ನೋಡಿದೆ, ಏನೂ ಸಿಗ್ತಿಲ್ಲ. ನೋಟಿಸು ಕೊಡ್ತಾರಾ ಸಾರ್? ಇಷ್ಟು ವರ್ಷದಲ್ಲಿ ಒಂದೂ ತಗೊಂಡಿಲ್ಲ ನಾನು."

ಜಿಂಕೆಗೆ ಇನ್ನು ತಡೆಯಲಾಗಲಿಲ್ಲ. "ಇಳೀ ಅಣ್ಣಾ, ಕೆಳಗೆ ಇಳಿದು ನೆರಳಲ್ಲಿ ಕೂತ್ಕೋ. ನಾನು ಮೇಡಂ ಹತ್ರ ಮಾತಾಡ್ತೀನಿ" ಎಂದು ಹೆಡ್‌ಫೋನು ಕಿತ್ತಿಟ್ಟು ಎದ್ದ. ತಪ್ಪು ನನ್ನದು, ಬಸ್ಕಿ ಹೊಡೆದವನು ನಾನು, ನೋಟಿಸು ಕೊಡುವುದಾದರೆ ನನಗೇ ಕೊಡಿ. ಈ ಮಾತುಗಳನ್ನು ಬಾಯಿಪಾಠ ಮಾಡಿಕೊಳ್ಳುತ್ತಾ ಹೋದವನು ಆವೇಶದಲ್ಲಿ ಬಾಗಿಲು ತಟ್ಟುವುದನ್ನೇ ಮರೆತು ಒಳನುಗ್ಗಿದ.

ಒಳಗೆ ಮೇಡಂ ಮೇಜಿನ ಅಂಚು ಹಿಡಿದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಹೆಡ್‌ಫೋನು ತಲೆಯ ಮೇಲಿಟ್ಟುಕೊಂಡೇ ಬಸ್ಕಿ ಹೊಡೆಯುತ್ತಿದ್ದರು. ಜಿಂಕೆಯನ್ನು ಕಂಡು ಅರ್ಧ ಕುಳಿತಲ್ಲೇ ಕಲ್ಲಾದರು.



"ನಿಮಗೆ ಹೇಗೆ ಗೊತ್ತಾಯ್ತು?" ಎಂದರು ಮೇಡಂ, ಕುರ್ಚಿಗೆ ಕುಸಿದು. ಗದರುವ ದನಿ ಎಲ್ಲೋ ಹೋಗಿತ್ತು. "ಮನೇಲಿ ಒಂದು ಗಳಿಗೆ ಪುರುಸೊತ್ತಿಲ್ಲ ನನಗೆ. ಮೊನ್ನೆ ನನ್ನ ಹಳೇ ಬ್ಯಾಡ್ಮಿಂಟನ್ ಬ್ಯಾಟು ಕೈಗೆ ಸಿಕ್ತು. ನನ್ನ ಸೊಸೆ, ಇದು ಯಾರದ್ದು ಅತ್ತೇ ಅಂತ ಕೇಳಿದಳು. ನನ್ನದು ಅಂದ್ರೆ ನಂಬಲೇ ಇಲ್ಲ! ಅವತ್ತಿಂದ ಶುರು ಮಾಡಿದೆ. ಇಲ್ಲಿ ಯಾರಿಗೂ ಕೇಳಿಸಲ್ಲ ಅಂದ್ಕೊಂಡಿದ್ದೆ. ಬೆಳಗ್ಗೆ ದೂರು ಬಂದಾಗ ಎದೆ ಧಸಕ್ಕಂತು. ನಂದೇ ಉಸಿರು ಊರಿಗೆಲ್ಲಾ ಕೇಳಿಬಿಡ್ತಲ್ಲಾ ಅಂತ. ಅದಕ್ಕೇ ಕೇಬಲ್ಲು, ಗಾಳಿ ಅಂತ ಬಾಯಿಗೆ ಬಂದಿದ್ದು ಹೇಳಿದೆ. ಈಗ ಸ್ವಿಚ್ಚು ಆರಿಸಿದೀನಿ, ಇನ್ನು ಕೇಳಿಸಲ್ಲ ಅಂದ್ಕೊಂಡು ಮತ್ತೆ ಶುರು ಮಾಡಿದ್ದೆ. ಪಾಪ, ಏಣಿಯಣ್ಣ! ಸಂಜೆ ನೋಟಿಸಿಲ್ಲ ಅಂತ ಹೇಳಿಬಿಡೋಣ ಅಂತಿದ್ದೆ."

ಬಾಯಿಪಾಠ ಮಾಡಿದ ಮಾತು ಜಿಂಕೆಯ ನಾಲಗೆಯ ತುದಿಯಲ್ಲೇ ಇತ್ತು. ಹೇಳಿಬಿಡಲೇ? ಬೆಳಗಿನದು ನಂದು, ಮಧ್ಯಾಹ್ನದ್ದು ನಿಮ್ಮದು ಎಂದು? ಆದರೆ ತಪ್ಪನ್ನು ಇನ್ನೊಬ್ಬರು ತಾವಾಗಿ ಹೊತ್ತುಕೊಂಡು ನಿಂತಾಗ ಅದನ್ನು ಕಿತ್ತುಕೊಳ್ಳುವುದು ಮರ್ಯಾದೆಯಲ್ಲವೆನಿಸಿತು. ಅವನು ಆ ಮಾತನ್ನು, ಬೆಳಗಿನಿಂದ ತಿಂದ ಬಿಸ್ಕತ್ತುಗಳ ಜೊತೆಗೆ, ನುಂಗಿದ.

"ನಾನು ಯಾರಿಗೂ ಹೇಳಲ್ಲ ಮೇಡಂ" ಎಂದ, ಬಹಳ ದೊಡ್ಡ ಮನಸ್ಸಿನವನಂತೆ. "ಲೈನು ಸರಿಹೋಯ್ತು, ಏಣಿಯಣ್ಣನೇ ಸರಿಮಾಡಿದ ಅಂತ ಹೇಳಿಬಿಡೋಣ."

ಹಾಗೇ ಆಯಿತು. ಸಂಜೆ ಎಲ್ಲರೆದುರಿಗೆ ಮೇಡಂ ಏಣಿಯಣ್ಣನನ್ನು ಹೊಗಳಿದರು. ಏನು ಸರಿಮಾಡಿದೆನೆಂದು ಗೊತ್ತಾಗದ ಏಣಿಯಣ್ಣ ನಾಚಿಕೊಂಡು ಏಣಿಯನ್ನೇ ಸವರಿದ. ಗಂಡಾಂತರ ಕಳೆಯಿತೆಂದು ಜಿಂಕೆ ಚೀಲ ಹೆಗಲಿಗೇರಿಸಿ ಹೊರಟ. ನಾಳೆಯಿಂದ ಹೆಡ್‌ಫೋನಿನ ಬಾಯಿಗೆ ಕರವಸ್ತ್ರ ಕಟ್ಟಿ ಬಸ್ಕಿ ಹೊಡೆಯಬೇಕೆಂಬ ಯೋಚನೆಯೂ ಹೊಳೆದಿತ್ತು.

ಮೇಡಂ ಹಿಂದಿನಿಂದ ಕರೆದರು. ಅವರ ಕಣ್ಣು ಕೃತಜ್ಞತೆಯಿಂದ ತುಂಬಿತ್ತು.

"ನಿಮ್ಮಂಥ ನಂಬಿಕಸ್ತರು ಈ ಕಾಲದಲ್ಲಿ ಸಿಗಲ್ಲ. ಒಂದು ಯೋಚನೆ ಮಾಡಿದೀನಿ. ನಾಳೆಯಿಂದ ಬೆಳಗ್ಗೆ, ಮಧ್ಯಾಹ್ನ ನಾನು ಮಹಡಿ ಮೇಲೆ ಹೋಗಿ ಓಡಾಡ್ಕೊಂಡು ಬರ್ತೀನಿ. ಅಷ್ಟು ಹೊತ್ತು ನನ್ನ ಕುರ್ಚೀಲಿ ನೀವು ಕೂತಿರಿ. ನಿಮ್ಮ ಲೈನೂ ಅಲ್ಲಿಗೇ ಹಾಕಿಸ್ತೀನಿ. ಎರಡೂ ಕಡೆ ನೋಡ್ಕೊಳ್ಳಿ. ಏಳಲೇಬೇಡಿ. ಏನು ಬೇಕಾದ್ರೂ ರೇಡಿಯೊಗೆ ಹೇಳಿ, ತಂದುಕೊಡ್ತಾಳೆ. ನಿಮ್ಮ ಎದೆ ಬೇರೆ ಸರಿಯಿಲ್ಲವಂತೆ."

ಮರುದಿನ ಬೆಳಗ್ಗೆ ಜಿಂಕೆ ಮೇಡಂ ಅವರ ಮೆತ್ತೆಯ ಕುರ್ಚಿಯಲ್ಲಿ ಹೂತುಹೋಗಿದ್ದ. ಒಂದೊಂದು ಕಿವಿಗೆ ಒಂದೊಂದು ಹೆಡ್‌ಫೋನು. ಎದುರಿಗೆ ರೇಡಿಯೊ ತಂದಿಟ್ಟ ಚಹಾ, ಬಾಳೆಹಣ್ಣು. ತಲೆಯ ಮೇಲೆ ಮಹಡಿಯಲ್ಲಿ ಧಬ್ ಧಬ್ ಎಂಬ ಹೆಜ್ಜೆ. ಮೊದಮೊದಲು ನಡೆಯುತ್ತಿದ್ದ ಹೆಜ್ಜೆ ನಿಧಾನವಾಗಿ ಓಟವಾಗಿತ್ತು. ಕಣ್ಣು ಮುಚ್ಚಿ ಅದನ್ನು ಕೇಳುತ್ತಿದ್ದ ಜಿಂಕೆಗೆ ಎಲ್ಲಿಂದಲೋ ಸುಣ್ಣದ ಗೆರೆಯ ವಾಸನೆ ಬಂದಂತಾಯಿತು.

ಬಲಗಿವಿಯಲ್ಲಿ ಟೀಚರಮ್ಮನ ದನಿ ಕೇಳಿಸಿತು. "ಇವತ್ತು ಲೈನು ಎಷ್ಟು ಚೊಕ್ಕಟವಾಗಿದೆಯಪ್ಪಾ! ಆದರೆ ಎಲ್ಲೋ ದೂರದಲ್ಲಿ ಯಾರೋ ಓಡ್ತಿರೋ ಹಾಗಿದೆಯಲ್ಲಾ?"

"ಹೌದು ಟೀಚರ್, ಓಡ್ತಿದ್ದಾರೆ" ಎಂದ ಜಿಂಕೆ, ಕೂತಲ್ಲಿಂದಲೇ.