ಶೀನಪ್ಪನವರ ಬೆಲೂನು ಗೂಡುದೀಪ

"ಈ ಸಲ ಮೆಲ್ಕಾರಿನ ದೀಪಾವಳಿ ಗೂಡುದೀಪ ಸ್ಪರ್ಧೆಯಲ್ಲಿ ಫಸ್ಟ್ ಪ್ರೈಜ್ ನನಗೇ! ಗೆದ್ದವರಿಗೆ ಮೈಕ್ ಕೊಡ್ತಾರೆ. ಅದನ್ನು ಹಿಡಿದು ಜಗತ್ತಿಗೆ ಸತ್ಯ ಹೇಳ್ತೇನೆ!"

ಸಿದ್ಧಕಟ್ಟೆಯ ಶೀನಪ್ಪನವರು ಹೀಗೆ ಗುಡುಗಿದಾಗ ಹೆಂಡತಿ ನೀಲಾವತಿ ಚಕ್ಕುಲಿ ಒತ್ತುತ್ತಿದ್ದರು.

"ಯಾವ ಸತ್ಯ?"

"ಬೆಲೂನಿನದ್ದು!"

ಇಬ್ಬರೂ ಟಿವಿಯಲ್ಲಿ ಒಂದು ಇಂಗ್ಲಿಷ್ ಸಿನಿಮಾ ನೋಡಿದ್ದರು. ಒಬ್ಬ ವಿಜ್ಞಾನಿ, ಒಬ್ಬಳು ಹೆಂಗಸು ಬೆಲೂನು ಹತ್ತಿ ಆಕಾಶಕ್ಕೆ ಹೋಗುತ್ತಾರೆ. ವಿಜ್ಞಾನಿ ಪ್ರಜ್ಞೆ ತಪ್ಪುತ್ತಾನೆ, ಹೆಂಗಸು ಜೀವದ ಹಂಗು ತೊರೆದು ಬೆಲೂನನ್ನು ಇಳಿಸುತ್ತಾಳೆ. ನೀಲಾವತಿ ಕೈಮುಗಿದುಕೊಂಡೇ ನೋಡಿದರು. ಶೀನಪ್ಪನವರು ಮೊಬೈಲಿನಲ್ಲಿ ಚರಿತ್ರೆ ಅಗೆದರು.

"ಮೋಸ! 1862ರಲ್ಲಿ ಇಂಗ್ಲೆಂಡಿನಲ್ಲಿ ಗ್ಲೇಷರ್ ಎಂಬ ವಿಜ್ಞಾನಿಯ ಒಟ್ಟಿಗೆ ಹಾರಿದ್ದು ಕಾಕ್ಸ್‌ವೆಲ್ ಎಂಬ ಗಂಡಸು! ಚಳಿಗೆ ಕೈ ಸೆಟೆದುಹೋದಾಗ, ಬೆಲೂನಿನ ಅನಿಲ ಬಿಡುವ ಹಗ್ಗವನ್ನು ಹಲ್ಲಿನಲ್ಲಿ ಕಚ್ಚಿ ಎಳೆದು, ಕೆಳಗಿಳಿಸಿ ಇಬ್ಬರ ಜೀವ ಉಳಿಸಿದ. ಸಿನಿಮಾದವರು ಆ ಪಾಪದವನನ್ನು ಬೆಲೂನಿನಿಂದಲೇ ಇಳಿಸಿಬಿಟ್ಟಿದ್ದಾರೆ!"

"ಆಗಲಿ. ಅದಕ್ಕೂ ಎಷ್ಟೋ ಮೊದಲು ಫ್ರಾನ್ಸಿನಲ್ಲಿ ಬ್ಲಾಂಶಾರ್ ಎಂಬ ಹೆಂಗಸು ಒಬ್ಬಳೇ ಹಾರಿದ್ದಳಂತೆ. ನೀವು ಓದಿದ ಪುಟದಲ್ಲೇ ಉಂಟು, ಸ್ವಲ್ಪ ಕೆಳಗೆ."

"ಕೆಳಗಿನದ್ದನ್ನು ನಾನು ಓದುವುದಿಲ್ಲ!"

ಬಿದಿರಿನ ಕಡ್ಡಿ ಬಂತು, ಬಣ್ಣದ ಕಾಗದ ಬಂತು, ಮೈದಾ ಅಂಟಿನಲ್ಲಿ ಮನೆಯೇ ಮುಳುಗಿತು! ಅಡಿಕೆ ಅಂಗಳದಷ್ಟು ಅಗಲದ ಗೂಡುದೀಪ, ಕೆಳಗೊಂದು ಬುಟ್ಟಿ, ಬುಟ್ಟಿಯಲ್ಲಿ ಮೀಸೆ ಹೊತ್ತ ಎರಡು ಗೊಂಬೆ: ಗ್ಲೇಷರ್, ಕಾಕ್ಸ್‌ವೆಲ್.

ಮೆಲ್ಕಾರಿನ ಮೈದಾನದಲ್ಲಿ ಗೆಳೆಯ ಅಬೂಬಕ್ಕರ್ ತನ್ನ ಹಾರ್ಡ್‌ವೇರ್ ಅಂಗಡಿಯ ರಾಟೆಯನ್ನು ಕಂಬಕ್ಕೆ ಬಿಗಿದು, ಹಗ್ಗ ಹಾಯಿಸಿ, ದೀಪ ಏರಿಸಿಕೊಟ್ಟರು. "ಬೆಲೂನು ಮೇಲೆ ಹೋಯ್ತು ಶೀನಪ್ಪಣ್ಣ. ನೀವು ಮಾತ್ರ ನೆಲದಲ್ಲೇ ಇರಿ!"

ತೀರ್ಪುಗಾರರಾದ ನಿವೃತ್ತ ಮೇಷ್ಟ್ರು ನೋಣಯ್ಯನವರು ಪಕ್ಕದ ದೀಪದವರೆಗೆ ಬಂದಾಗ ಶೀನಪ್ಪನವರು ತಲೆಯೆತ್ತಿ ನೋಡಿದರೆ, ದೇವರೇ! ಕಾಕ್ಸ್‌ವೆಲ್ ಕೆಂಪು ಸೀರೆ ಉಟ್ಟು ನಿಂತಿದ್ದಾನೆ!

"ನೀಲಾವತೀ!"

"ಬ್ಲೌಸ್ ಪೀಸ್ ಉಳಿದಿತ್ತು. ಚೆಂದ ಕಾಣ್ತದಲ್ಲ?"

ಚರಿತ್ರೆಗೇ ಸೀರೆ! ಶೀನಪ್ಪನವರು ದೀಪವನ್ನು ಸರ್ರನೆ ಇಳಿಸಿ, ಸೀರೆ ಕಿತ್ತು, ಅಂಟಿನ ಡಬ್ಬಿಗೆ ಎರಡೂ ಕೈ ಅದ್ದಿ, ಕಪ್ಪು ಕಾಗದದ ಕೋಟು ತೊಡಿಸಿದರು. ಹೇಗೋ ಹಗ್ಗ ಎಳೆದು ದೀಪವನ್ನು ಮತ್ತೆ ಏರಿಸಿದ್ದೂ ಆಯಿತು. ಆದರೆ ಹಸಿ ಅಂಟಿನ ಕೈ, ಎಣ್ಣೆ ಹಚ್ಚಿದ ಹಲಸಿನ ಬೀಜದಂತೆ ಜಾರತೊಡಗಿತು. ಹಗ್ಗವನ್ನು ಕಂಬಕ್ಕೆ ಕಟ್ಟುವ ಮೊದಲೇ ನೋಣಯ್ಯನವರು ಎದುರಿಗೇ ಬಂದರು. ಬೇರೆ ದಾರಿಯಿಲ್ಲದೆ ಶೀನಪ್ಪನವರು ಹಗ್ಗದ ತುದಿಯ ಗಂಟನ್ನು ಹಲ್ಲಿನಲ್ಲಿ ಕಚ್ಚಿದರು. ಸಾಕ್ಷಾತ್ ಕಾಕ್ಸ್‌ವೆಲ್!

ಆದರೆ ಕಾಕ್ಸ್‌ವೆಲ್‌ಗೆ ಹಲ್ಲು ಕೊಟ್ಟದ್ದು ದೇವರು. ಶೀನಪ್ಪನವರಿಗೆ ಕೊಟ್ಟದ್ದು ಬಂಟ್ವಾಳದ ಡಾಕ್ಟರು!

ಬೆಲೂನು ಭರ್ರನೆ ಕೆಳಗಿಳಿಯಿತು. ಗಂಟನ್ನು ಕಚ್ಚಿದ ಹಲ್ಲುಸೆಟ್ಟು ಬಾಯಿಯಿಂದ ಕಳಚಿ, ಹಗ್ಗದೊಂದಿಗೆ ಭರ್ರನೆ ಮೇಲೇರಿತು. ಏರಿದ್ದೇ ರಾಟೆಯಲ್ಲಿ ಸಿಕ್ಕಿಬಿದ್ದು ನಿಂತಿತು! ಬೆಲೂನು ನೆಲಕ್ಕೆ ಒಂದು ಗೇಣು ಇರುವಾಗ ತೂಗುತ್ತಾ ನಿಂತಿತು.

ನೋಣಯ್ಯನವರು ಕನ್ನಡಕ ಸರಿಮಾಡಿಕೊಂಡು ಮೇಲೆ ನೋಡಿದರು. "ಆಹಾ! ಕಾಕ್ಸ್‌ವೆಲ್‌ನ ಕತೆ ನಾನೂ ಓದಿದ್ದೇನೆ. ಹಗ್ಗ ಕಚ್ಚಿದ ಹಲ್ಲನ್ನೂ ತೋರಿಸಿದ್ದಾರೆ! ಚರಿತ್ರೆಗೆ ಇಷ್ಟು ನಿಷ್ಠೆ ನಾನು ಎಲ್ಲಿಯೂ ನೋಡಿಲ್ಲ. ಫಸ್ಟ್ ಪ್ರೈಜ್!"

"ಹಲ್ಲು ತೆಗೆದುಕೊಡಲಾ, ಶೀನಪ್ಪಣ್ಣ?" ಅಬೂಬಕ್ಕರ್ ಏಣಿ ಹುಡುಕಿದರು.

"ಮುಟ್ಟಬೇಡಿ!" ನೋಣಯ್ಯನವರು ತಡೆದರು. "ತೆಗೆದರೆ ದೀಪ ಬೀಳ್ತದೆ. ದೀಪಾವಳಿ ಮುಗಿಯುವವರೆಗೆ ಹಾಗೇ ಇರಲಿ. ಬನ್ನಿ ಶೀನಪ್ಪನವರೇ, ಮೈಕ್!"

ಶೀನಪ್ಪನವರು ಮೈಕ್ ಹಿಡಿದರು. "ಫತ್ಯ ಏನಂದ್ರೆ... ಕಾಫ್... ಕಾಫ್ಫೆಲ್..." ಸಭೆಗೆ ಕೆಮ್ಮು ಎಂದೇ ಅನ್ನಿಸಿತು. ಯಾರೋ ನೀರು ತಂದರು.

ಮೈಕ್ ನೀಲಾವತಿಯ ಕೈಗೆ ಹೋಯಿತು. ಶೀನಪ್ಪನವರು ಮೈಕಿಗೆ ಮತ್ತೆ ಕೈ ಚಾಚಿದರು, ಸಿಗಲಿಲ್ಲ. ಇನ್ನು ಬುಟ್ಟಿಯಲ್ಲಿ ಕಾಕ್ಸ್‌ವೆಲ್‌ಗೆ ಜಾಗವಿಲ್ಲ!

ನೀಲಾವತಿ ಸೆರಗು ಸರಿಮಾಡಿಕೊಂಡು ಮೆಲ್ಲಗೆ ಹೇಳಿದರು: "ಸಿನಿಮಾದಲ್ಲಿ ಹೆಂಗಸು. ಆದರೆ ನಿಜ ಚರಿತ್ರೆಯಲ್ಲಿ ಹಗ್ಗ ಕಚ್ಚಿದ್ದು ಕಾಕ್ಸ್‌ವೆಲ್ ಎಂಬ ಗಂಡಸು. ನಮ್ಮ ಯಜಮಾನರು ಹೇಳಿದ್ದೇ ಸತ್ಯ."

ಚಪ್ಪಾಳೆ! ಶೀನಪ್ಪನವರು ಬೆಲೂನಿನಂತೆ ಉಬ್ಬಿದರು.

"ಒಂದೇ ವ್ಯತ್ಯಾಸ," ಎಂದರು ನೀಲಾವತಿ. "ಅವನು ಕೆಳಗೆ ಬರುವಾಗ ಹಲ್ಲನ್ನೂ ಒಟ್ಟಿಗೇ ತಂದಿದ್ದ."